ಫರಸಿ ತೊಟ್ಟಿಯ ಉಪ್ಪುನೀರು

೧೯೮೨ರ ನರಕ ಚತುರ್ದಶಿಯ ದಿನ ಮಧ್ಯಾಹ್ನದೊಳಗೆ, ಬಾಗಲಕೋಟೆ ಹಳೇ ಊರಿನ ಒಂದು ಮನೆಯ ಪಡಸಾಲೆಯಲ್ಲಿ, ಕಲ್ಲಿನ ತೊಟ್ಟಿಯಲ್ಲಿದ್ದ ಏಳು ಸಮುದ್ರದ ಮೀನುಗಳೂ ಸತ್ತವು. ಅವನ್ನು ಒಂದೊಂದಾಗಿ ಹೊರಗೆ ತೆಗೆದ ಕೈ ನನಗೆ ಚೆನ್ನಾಗಿ ಗೊತ್ತಿದ್ದ ಕೈ. ಬೆರಳುಗಳು ಉಪ್ಪಿಗೆ ಬಿರಿದಿದ್ದವು. ಉಗುರುಗಳ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಹಸಿರು ಗೆರೆ ಇತ್ತು, ಅದು ಮೈಲುತುತ್ತದ್ದು. ಹೆಬ್ಬೆರಳಿನ ಮೇಲೆ ರೈಲಿನ ಕಂದೀಲಿನ ಮಸಿ. ಆ ದಿನ ಹಬ್ಬದ ಸ್ನಾನದ ಎಣ್ಣೆಯ ಜಿಡ್ಡೂ ಆ ಕೈಯಿಂದ ಪೂರ್ತಿ ಹೋಗಿರಲಿಲ್ಲ.

ಅವರು ರೈಲ್ವೆಯಲ್ಲಿ ಗಾರ್ಡ್. ಓಣಿಯವರಿಗೆಲ್ಲ ಗಾರ್ಡ್ ಕಾಕಾ. ನಾನು ೧೯೭೭ರಲ್ಲಿ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವ ಕೆಲಸ ಹಿಡಿದು ಬಾಗಲಕೋಟೆಗೆ ಬಂದಾಗ ಅವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಹುನಗುಂದದ ಬಸ್ ಅಪಘಾತ, ಇಳಕಲ್ಲಿನ ನೇಕಾರರ ಮೆರವಣಿಗೆ, ಬಾದಾಮಿಯ ಕಳವು, ಎಲ್ಲವನ್ನೂ ನಾನು ಬರೆದು ಲಕೋಟೆಯಲ್ಲಿ ಹಾಕಿ ಅವರ ಕೈಗೆ ಕೊಡುತ್ತಿದ್ದೆ. ಅವರು ಅದನ್ನು ಗಾಡಿಯ ಕೊನೆಯಲ್ಲಿರುವ ತಮ್ಮ ಬ್ರೇಕ್‌ವ್ಯಾನಿನಲ್ಲಿ ಗದಗಿನವರೆಗೆ ಒಯ್ದು ಹುಬ್ಬಳ್ಳಿ ಕಡೆಯ ಗಾರ್ಡಿಗೆ ಒಪ್ಪಿಸುತ್ತಿದ್ದರು. ಮಳೆಗಾಲದಲ್ಲಿ ಲಕೋಟೆಯನ್ನು ಕೆಂಪು ನಿಶಾನೆಯ ಬಟ್ಟೆಯಲ್ಲಿ ಸುತ್ತಿ ತಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ತೆಗೆದುಕೊಳ್ಳುವಾಗ ಅದನ್ನು ಅಂಗೈಯಲ್ಲಿ ತೂಗಿ ನೋಡುವ ಅಭ್ಯಾಸ.

“ಸುಳ್ಳ ಏನರ ಬರದಿದ್ರ ಈಗ ಹೇಳಿಬಿಡು ತಮ್ಮಾ. ಸುಳ್ಳ ಹಗೂರ ಇರ್ತೈತಿ, ಆಲಮಟ್ಟಿ ಗಾಳಿಗೆ ಹಾರಿ ಹೊಕ್ಕೈತಿ.”

“ನಿಮ್ಮ ಗಾಡಿ ಆ ಕಡೆ ಹೋಗೂದಿಲ್ಲಲ್ರಿ ಕಾಕಾ, ಗದಗಿನ ಕಡೆ ಹೋಗ್ತೈತಿ” ಎಂದರೆ, “ನಾ ಗಾಳಿ ಬಗ್ಗೆ ಹೇಳಾಕತ್ತೀನಿ” ಎನ್ನುತ್ತಿದ್ದರು.

ಯಾವ ಕೆಲಸದ ಬಗ್ಗೆ ಕೇಳಿದರೂ, ಆಗುತ್ತದೆ ಎಂದಾಗಲಿ ಆಗುವುದಿಲ್ಲ ಎಂದಾಗಲಿ ಅವರ ಬಾಯಲ್ಲಿ ಬರುತ್ತಿರಲಿಲ್ಲ. “ಇನ್ನೂ ಸಿಗ್ನಲ್ ಬಿದ್ದಿಲ್ಲ” ಎನ್ನುತ್ತಿದ್ದರು. ಆ ಕಾಲದ ಸಿಗ್ನಲ್ ಕಂಬದ ತೋಳು ಕೆಳಗೆ ಬಿದ್ದರೆ ಗಾಡಿ ಹೊರಡಬಹುದು ಎಂದರ್ಥ.

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಹೋದ ಮೊದಲ ವಾರದಲ್ಲೇ ಒಂದು ಸಂಗತಿ ಗಮನಕ್ಕೆ ಬಂತು. ಕಾಕು ಗಂಡನ ಜೊತೆ ಮಾತಾಡುತ್ತಿರಲಿಲ್ಲ. ಜಗಳವೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಪಲ್ಯೆ, ಇಸ್ತ್ರಿ ಮಾಡಿದ ಬಿಳಿ ಕೋಟು, ಎಲ್ಲ ಸಿದ್ಧ ಇರುತ್ತಿತ್ತು. ಹೇಳಬೇಕಾದ್ದನ್ನು ಮಾತ್ರ ಗೋಡೆಗೋ, ಒಲೆಗೋ, ನಾನಿದ್ದರೆ ನನಗೋ ಹೇಳುತ್ತಿದ್ದರು.

“ಊಟಕ್ಕ ಗಂಗಾಳ ಹಾಕೀನಿ ಅಂತ ಹೇಳು ತಮ್ಮಾ.” ಕಾಕಾ ಮೂರು ಮಾರು ದೂರದಲ್ಲಿ ಕೂತಿರುತ್ತಿದ್ದರು. ಅವರೂ ನನಗೇ ಉತ್ತರ ಕೊಡುತ್ತಿದ್ದರು. ಊರಿನ ಸುದ್ದಿಯನ್ನು ಅವರು ಒಯ್ಯುತ್ತಿದ್ದರು, ಮನೆಯ ಸುದ್ದಿಯನ್ನು ನಾನು.

ಕಾರಣ ಗೊತ್ತಾಗಲು ಒಂದು ವರ್ಷ ಹಿಡಿಯಿತು. ಒಮ್ಮೆ ಬಾದಾಮಿಗೆ ಹೋಗಬೇಕಿದ್ದಾಗ ಅವರ ಬ್ರೇಕ್‌ವ್ಯಾನಿನಲ್ಲೇ ಕೂತಿದ್ದೆ. ಗುಳೇದಗುಡ್ಡ ರೋಡ್ ದಾಟಿದ ಮೇಲೆ, ನಾನೇನೂ ಕೇಳದಿದ್ದರೂ, ಹೊರಗೆ ನೋಡುತ್ತ ಅವರೇ ಹೇಳಿದರು. ಮೊದಲು ಅವರ ನೌಕರಿ ಗೋವಾದ ವಾಸ್ಕೋದಲ್ಲಿತ್ತು. ೧೯೭೪ರ ಒಂದು ಭಾನುವಾರ, ರಾತ್ರಿ ಪಾಳಿ ಮುಗಿಸಿ ಬಂದವರು, ಹಟ ಹಿಡಿದ ಮಗನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಒಬ್ಬನೇ ಮಗ, ಹನ್ನೊಂದು ವರ್ಷ. ಮರಳಿನ ಮೇಲೆ ಕೂತವರಿಗೆ ಕಣ್ಣು ಹತ್ತಿತು. ಎಚ್ಚರಾದಾಗ ಹುಡುಗನ ಚಪ್ಪಲಿ ಇದ್ದವು. ಮೀನುಗಾರರು ದೋಣಿ ಹಾಕಿ ಹುಡುಕಿದರು. ಸಿಗಲಿಲ್ಲ. ಸಂಜೆ ಕ್ವಾರ್ಟರ್ಸಿಗೆ ಬಂದಾಗ ಕಾಕು ಒಂದೇ ಮಾತು ಕೇಳಿದರಂತೆ: “ನಿದ್ದಿ ಆತೇನ್ರಿ?”

ಅದೇ ಕೊನೆ. ಅಲ್ಲಿಂದ ಕಾಕು ಅವರೊಡನೆ ನೇರವಾಗಿ ಮಾತಾಡಲಿಲ್ಲ. ಮರುವರ್ಷ ವರ್ಗ ಮಾಡಿಸಿಕೊಂಡು ಸಮುದ್ರವಿಲ್ಲದ ತಮ್ಮ ಊರಿಗೆ ಬಂದರು.

ಅವರ ಮನೆತನದಲ್ಲಿ ಸತ್ತವರಿಗೆ ಮಣ್ಣು ಕೊಡುತ್ತಾರೆ. ಅಮಾವಾಸ್ಯೆಗೆ ಸಮಾಧಿಯ ಹತ್ತಿರ ಹೋಗಿ, ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಬರುತ್ತಾರೆ. ಆ ಹುಡುಗನಿಗೆ ಅಂಥ ಜಾಗ ಇರಲಿಲ್ಲ. ಅಮಾವಾಸ್ಯೆಯ ದಿನ ಓಣಿಯ ಹೆಂಗಸರು ಬುಟ್ಟಿ ಹಿಡಿದು ಹೊರಟಾಗ ಕಾಕು ಹಿತ್ತಲಿನ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರು.

೧೯೭೯ರಲ್ಲಿ ಕಾಕಾ ತೊಟ್ಟಿ ಕಟ್ಟಿಸಿದರು. ನಮ್ಮ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಚಪ್ಪಡಿಗಳನ್ನು ಮೂರು ಬದಿಗೆ ನಿಲ್ಲಿಸಿ, ತಳಕ್ಕೂ ಅದನ್ನೇ ಹಾಕಿ, ಮುಂದಿನ ಬದಿಗೆ ಮಾತ್ರ ದಪ್ಪ ಗಾಜು ಕೂಡಿಸಿದರು. ಅಂಥ ಕಲ್ಲಿನ ತೊಟ್ಟಿಗಳಲ್ಲಿ ಊರೆಲ್ಲ ಕುಡಿಯುವ ನೀರು ತುಂಬಿಡುತ್ತಿದ್ದುದರಿಂದ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ವಿಚಿತ್ರ ಅನ್ನಿಸಿದ್ದು ಅದರೊಳಗೆ ಬಂದ ನೀರು. ವಾಸ್ಕೋದ ಹಳೆಯ ಜೊತೆಗಾರನೊಬ್ಬ ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿ ಬ್ರೇಕ್‌ವ್ಯಾನಿಗೆ ಏರಿಸುತ್ತಿದ್ದ. ಲೋಂಡಾದಲ್ಲಿ ಒಬ್ಬ, ಹುಬ್ಬಳ್ಳಿಯಲ್ಲಿ ಒಬ್ಬ, ಗದಗಿನಲ್ಲಿ ಒಬ್ಬ, ಹೀಗೆ ಗಾರ್ಡುಗಳ ಕೈಯಿಂದ ಕೈಗೆ ದಾಟಿ ಅದು ಬಾಗಲಕೋಟೆಗೆ ಬರುತ್ತಿತ್ತು. ನನ್ನ ಲಕೋಟೆ ಹೋದ ದಾರಿಯಲ್ಲೇ ನೀರು ಬರುತ್ತಿತ್ತು.

ಯಾಕೆ ಎಂದು ನಾನು ಕೇಳಿದ್ದು ಒಂದೇ ಸಲ. “ಅಂವಗ ಒಂದ ಹಿಡಿ ಮಣ್ಣ ಕೊಡಾಕ ಆಗಲಿಲ್ಲ. ನೀರರ ಮನ್ಯಾಗ ಇರಲಿ” ಎಂದರು. ಆಮೇಲೆ, “ಆಕಿ ಒಂದ ಸಲ ಬಂದು ಇದರ ಮುಂದ ನಿಂತ್ರ ಸಾಕು ನೋಡು. ನನ್ನ ಜೋಡಿ ಮಾತಾಡೂದು ಹಿಂದಿಂದ” ಎಂದರು.

ಕಾಕು ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಲು ಪಡಸಾಲೆ ದಾಟಬೇಕಿತ್ತು. ತೊಟ್ಟಿ ಬಂದ ದಿನದಿಂದ ಅವರು ಹಿತ್ತಲನ್ನು ಸುತ್ತಿ ಹೋಗತೊಡಗಿದರು. ಮೂರು ವರ್ಷ ಹಾಗೇ ಹೋದರು. ಒಮ್ಮೆ ಊಟಕ್ಕೆ ಕೂತಾಗ ಕಾಕಾ ನನ್ನ ಕಡೆ ನೋಡಿ, ಸಾರಿಗೆ ಉಪ್ಪು ಕಡಿಮೆ ಐತಂತ ಹೇಳು ಎಂದರು. ಒಳಗಿಂದ ಉತ್ತರ ಬಂತು: “ಉಪ್ಪ ಅವರ ತೊಟ್ಟ್ಯಾಗ ಬೇಕಾದಷ್ಟ ಐತಿ, ಹಾಕ್ಕೊರಿ ಅಂತ ಹೇಳು.” ಕಾಕಾ ಅನ್ನ ಕಲಸುತ್ತ ನಕ್ಕರು. ತೊಟ್ಟಿಯ ಬಗ್ಗೆ ಕಾಕು ಆಡಿದ ಮೊದಲ ಮಾತು ಅದು. ಅಷ್ಟಕ್ಕೇ ಅವರಿಗೆ ಆ ದಿನ ಪೂರ್ತಿ ಖುಷಿ ಇತ್ತು.

ನೀರಿನ ಹಿಂದೆ ಮೀನು ಬಂದವು. ದಂಡೆಯ ಬಂಡೆಗಳ ಸಂದಿಯಲ್ಲಿರುವ ಸಣ್ಣ ಜಾತಿ, ಹಳದಿ ಬೆನ್ನು, ಮೈಮೇಲೆ ಕಪ್ಪು ಪಟ್ಟೆ. ಅವುಗಳಿಗೆ ಗಾಳಿ ಕೊಡಬೇಕು. ನಮ್ಮಲ್ಲಿ ಕರೆಂಟಿನ ನಂಬಿಕೆ ಇರಲಿಲ್ಲ. ಕಾಕಾ ಲಾರಿಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದಕ್ಕೆ ದವಾಖಾನೆಯ ಸಲೈನ್ ನಳಿಕೆ ಜೋಡಿಸಿ, ಅದರ ತುದಿಯನ್ನು ನೀರಿನಲ್ಲಿ ಬಿಟ್ಟರು. ಗುಳ್ಳೆಗಳು ಸಣ್ಣಗೆ ಬರುತ್ತಲೇ ಇದ್ದವು. ದಿನಕ್ಕೆರಡು ಸಲ ಟ್ಯೂಬಿಗೆ ಗಾಳಿ ಹೊಡೆಯಬೇಕು. ಅವರು ಡ್ಯೂಟಿಗೆ ಹೋದಾಗ ಆ ಕೆಲಸ ನನ್ನದು.

ಮೊದಲ ಮೀನುಗಳಿಗೆ ತಿಂಗಳಲ್ಲೇ ರೋಗ ಬಂತು. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ತಿಕ್ಕಿಕೊಳ್ಳುತ್ತಿದ್ದವು, ಕಿವಿರು ಏದುಸಿರಿನಂತೆ ಬಡಿದುಕೊಳ್ಳುತ್ತಿತ್ತು. ವಾರದಲ್ಲಿ ಎಲ್ಲ ಹೋದವು. ಕಾಕಾ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರನ್ನು ಮನೆಗೆ ಕರೆತಂದರು. ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ. ಈ ಹುಳ ಕಣ್ಣಿಗೆ ಕಾಣುವುದಿಲ್ಲ. ಮೀನಿನ ಚರ್ಮದೊಳಗೆ ಹೊಕ್ಕು ಬೆಳೆಯುತ್ತದೆ. ಬಲಿತ ಮೇಲೆ ಉದುರಿ ಕಲ್ಲಿಗೆ ಅಂಟಿಕೊಂಡು ಗೂಡು ಕಟ್ಟುತ್ತದೆ. ಗೂಡು ಒಡೆದಾಗ ಒಂದರ ಬದಲು ನೂರಾರು ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ಚರ್ಮದೊಳಗಿದ್ದಾಗ ಔಷಧ ತಟ್ಟುವುದಿಲ್ಲ, ಗೂಡಿನಲ್ಲಿದ್ದಾಗಲೂ ತಟ್ಟುವುದಿಲ್ಲ. ನೀರಿನಲ್ಲಿ ಈಜುವ ಆ ಸ್ವಲ್ಪ ಹೊತ್ತಿನಲ್ಲೇ ಕೊಲ್ಲಬೇಕು. ಅದಕ್ಕೆ ನೀರಿನಲ್ಲಿ ಮೈಲುತುತ್ತದ ಅಂಶ ವಾರಗಟ್ಟಲೆ ಇರಬೇಕು. ಕಡಿಮೆಯಾದರೆ ಹುಳ ಉಳಿಯುತ್ತದೆ, ಹೆಚ್ಚಾದರೆ ಮೀನೇ ಸಾಯುತ್ತದೆ.

ಪ್ರಾಧ್ಯಾಪಕರು ಕಾಲೇಜಿನ ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟಿಕೊಟ್ಟರು. ಚುಕ್ಕೆಗಳು ಹೋದವು, ಹದಿನೈದು ದಿನಕ್ಕೆ ಮತ್ತೆ ಬಂದವು. ಮತ್ತೆ ಪೊಟ್ಟಣ. ಮತ್ತೆ ಚುಕ್ಕೆ. ಮೂರು ವರ್ಷ ನಾನು ನೋಡಿದ್ದು ಇದನ್ನೇ. ಕಾಕಾ ಡ್ಯೂಟಿಯಿಂದ ಬಂದವರು ಕೋಟು ಕಳಚುವ ಮೊದಲೇ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದು ಮೀನನ್ನೂ ಕಂದೀಲು ಹಿಡಿದು ನೋಡುತ್ತಿದ್ದರು. ಚುಕ್ಕೆ ಕಂಡದ್ದನ್ನು ಹಿಡಿದು, ಬಕೆಟ್ಟಿನ ಸಿಹಿನೀರಿನಲ್ಲಿ ಬಿಟ್ಟು, ರೈಲ್ವೆ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಉಪ್ಪಿಲ್ಲದ ನೀರಿನಲ್ಲಿ ಕೆಲವು ಹುಳವಾದರೂ ಬಿದ್ದು ಹೋಗುತ್ತವೆ ಎಂದು ಪ್ರಾಧ್ಯಾಪಕರು ಹೇಳಿದ್ದರು. ಮೀನು ಅಡ್ಡ ಬಿದ್ದಾಗ ತೆಗೆದು ತೊಟ್ಟಿಗೆ ಬಿಡುತ್ತಿದ್ದರು. ಕೆಲವು ಏಳುತ್ತಿದ್ದವು, ಕೆಲವು ಏಳುತ್ತಿರಲಿಲ್ಲ. ಎಲ್ಲ ಸತ್ತರೆ ತೊಟ್ಟಿ ಬರಿದು ಮಾಡಿ, ಒಣಗಲು ಬಿಟ್ಟು, ವಾಸ್ಕೋಗೆ ಹೇಳಿಕಳಿಸುತ್ತಿದ್ದರು. ಮುಂದಿನ ವಾರವೇ ಹೊಸ ಮೀನು ಬರುತ್ತಿದ್ದವು. ಇದು ಒಮ್ಮೆಯೂ ತಪ್ಪಲಿಲ್ಲ. ಬಿಟ್ಟುಬಿಡ್ರಿ ಕಾಕಾ ಎಂದು ನಾನು ಹೇಳಿದಾಗಲೆಲ್ಲ ಸಿಗ್ನಲಿನ ಮಾತೇ ಉತ್ತರ.

ಅಷ್ಟರಲ್ಲಿ ಕಲ್ಲಿನ ಒಳಬದಿ ಹಸಿರಾಗತೊಡಗಿತ್ತು. ಪಾಚಿ ಎಂದುಕೊಂಡೆವು. ಪಾಚಿಯಾಗಿರಲಿಲ್ಲ.

೧೯೮೨ರ ಬೇಸಿಗೆಯಲ್ಲಿ ಬಂದ ಏಳು ಮೀನು ಬದುಕಿದವು. ಚುಕ್ಕೆ ಬಂದರೂ ಹೋಗುತ್ತಿದ್ದವು. ಆ ಮಳೆಗಾಲದಲ್ಲಿ ನಾನೊಮ್ಮೆ ಇಳಕಲ್ಲಿಗೆ ಹೋದವನು, ಹಳ್ಳ ಬಂದು ಬಸ್ಸು ನಿಂತು, ಅಲ್ಲೇ ಉಳಿಯಬೇಕಾಯಿತು. ಕಾಕಾ ಗದಗಿನ ಕಡೆ ಡ್ಯೂಟಿಯಲ್ಲಿದ್ದರು. ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಮೀನು ಸತ್ತಿರುತ್ತವೆ ಎಂದೇ ಒಳಗೆ ಹೋದೆ. ಟ್ಯೂಬು ಬಿಗಿಯಾಗಿತ್ತು. ಗುಳ್ಳೆ ಬರುತ್ತಿದ್ದವು. ಸೈಕಲ್ ಪಂಪು ನಾನಿಡುವ ಮೂಲೆಯಲ್ಲಿರದೆ ಅಡುಗೆಮನೆಯ ಹೊಸ್ತಿಲಿಗೆ ಒರಗಿತ್ತು. ಕಾಕು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಸಂಜೆ ಕಾಕಾ ಬಂದಾಗ ನಾನು ಪಂಪು ಇದ್ದ ಜಾಗವನ್ನು ಕಣ್ಣಲ್ಲೇ ತೋರಿಸಿದೆ. ಅವರು ಅದನ್ನು ಎತ್ತಿ ಮೂಲೆಗಿಡಲಿಲ್ಲ. ಹೊಸ್ತಿಲಲ್ಲೇ ಬಿಟ್ಟರು. ಅಲ್ಲಿಂದ ಅದರ ಜಾಗ ಅದೇ ಆಯಿತು.

ಆ ವರ್ಷ ನೀರು ತುಂಬುವ ಹಬ್ಬದ ಸಂಜೆ ಕಾಕಾ ಡ್ಯೂಟಿಯಲ್ಲಿದ್ದರು. ದೀಪಾವಳಿಯ ಹಿಂದಿನ ಆ ಸಂಜೆ ನಮ್ಮ ಕಡೆ ಮನೆಯಲ್ಲಿರುವ ನೀರಿನ ಪಾತ್ರೆಗಳನ್ನೆಲ್ಲ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಹೂ ಏರಿಸುತ್ತಾರೆ. ನಾನು ಮುಂದಿನ ಕೋಣೆಯಲ್ಲಿ ಬರೆಯುತ್ತಿದ್ದೆ. ಹಿತ್ತಲಿನಲ್ಲಿ ತಾಮ್ರದ ಹಂಡೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಸದ್ದು ಪಡಸಾಲೆಗೆ ಬಂತು.

ಹೋಗಿ ನೋಡಿದೆ. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಳಕೈವರೆಗೆ ತೋಳನ್ನು ತೊಟ್ಟಿಯೊಳಗೆ ಬಿಟ್ಟು, ಕಲ್ಲಿನ ಒಳಬದಿಯನ್ನು ತಿಕ್ಕುತ್ತಿದ್ದರು. ಪಕ್ಕದಲ್ಲಿ ಹುಣಸೆಹಣ್ಣು ನೆನೆಹಾಕಿದ ದೊಡ್ಡ ಬೋಗುಣಿ. ತಾಮ್ರಕ್ಕೆ ಕಿಲುಬು ಹತ್ತಿದರೆ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಕಲ್ಲಿಗೂ ಮಾಡುತ್ತಿದ್ದರು. ಹಸಿರು ಬಿಟ್ಟು ಕಲ್ಲು ಬೆಳ್ಳಗಾಗುತ್ತಿತ್ತು. ಮೀನುಗಳು ಅವರ ಕೈಯ ಸುತ್ತ ಬರುತ್ತಿದ್ದವು. ಅವುಗಳ ಜೊತೆ ಕಾಕು ಮಾತಾಡುತ್ತಿದ್ದರು.

“ಸರಿ ಅತ್ತಾಗ. ಎಷ್ಟ ಹೊಲಸ ಮಾಡ್ಕೊಂಡಿ ನೋಡು. ಸರೀಪಾ, ಬೆನ್ನ ತೊಳೀತೇನಿ.”

ನನ್ನನ್ನು ನೋಡಿ ತೋಳು ಹೊರಗೆಳೆದುಕೊಂಡರು. ಕಣ್ಣು ಒರೆಸಿಕೊಳ್ಳಲಿಲ್ಲ. “ತಮ್ಮಾ, ಅವರು ಬಂದ್ರ ನೀ ಏನೂ ಹೇಳಬ್ಯಾಡ. ನಾನ ಹೇಳ್ತೇನಿ” ಎಂದರು.

ಮುಂಜಾನೆಯ ಗಾಡಿಗೆ ಕಾಕಾ ಬಂದರು. ತೊಟ್ಟಿಯ ಮುಂದೆ ರಂಗೋಲಿ. ಕಲ್ಲಿನ ಮೇಲೆ ಮೂರು ಬೆರಳಿನ ವಿಭೂತಿ, ಚೆಂಡುಹೂವಿನ ಸರ, ಒಂದು ಹಣತೆ. ಸಮಾಧಿಗೆ ಮಾಡುವುದನ್ನೆಲ್ಲ ಕಾಕು ತೊಟ್ಟಿಗೆ ಮಾಡಿದ್ದರು. ಕಾಕಾ ಬಾಗಿಲಲ್ಲೇ ನಿಂತರು. ಅವರಿಗೆ ಒಮ್ಮೆಗೇ ಎರಡೂ ಕಂಡವು. ಒಂದು, ಆ ಪೂಜೆ. ಇನ್ನೊಂದು, ತಿಕ್ಕಿ ಬೆಳ್ಳಗಾದ ಕಲ್ಲಿನ ನಡುವೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದದ್ದು. ಹಿತ್ತಲಿನಲ್ಲಿ ವಾಸ್ಕೋದ ಹೊಸ ನೀರಿನ ಕ್ಯಾನುಗಳಿದ್ದವು. ಕೂಡಲೇ ಮೀನನ್ನು ಆ ನೀರಿಗೆ ಬಿಟ್ಟಿದ್ದರೆ ಕೆಲವಾದರೂ ಉಳಿಯುತ್ತಿದ್ದವು. ಇದನ್ನು ಆಮೇಲೆ ಅವರೇ ಹೇಳಿದರು. ಅವರು ಪೆಟ್ಟಿಗೆ ಕೆಳಗಿಟ್ಟು ಒಂದು ಹೆಜ್ಜೆ ಮುಂದಿಟ್ಟರು.

ಆಗ ಕಾಕು ಒಳಗಿಂದ ಎಣ್ಣೆಯ ಬಟ್ಟಲು ಹಿಡಿದು ಬಂದು ಅವರ ಮುಖ ನೋಡಿ ಕೇಳಿದರು:

“ಬಂದ್ರೇನು? ಎಣ್ಣಿ ಕಾಸೀನಿ. ಕುಂಡರ್ರಿ, ಹಚ್ಚತೇನಿ.”

ಎಂಟು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಕಾಕಾ ತೊಟ್ಟಿಯ ಕಡೆ ಇನ್ನೊಮ್ಮೆ ನೋಡಿದರು. ಆಮೇಲೆ ಕೋಟು ಕಳಚಿ, ಮಣೆಯ ಮೇಲೆ, ತೊಟ್ಟಿಗೆ ಬೆನ್ನು ಮಾಡಿ ಕೂತರು. ಕಾಕು ನೆತ್ತಿಗೆ ಎಣ್ಣೆ ಒತ್ತಿದರು, ಬೆನ್ನಿಗೆ ಹಚ್ಚಿದರು, ಆರತಿ ಮಾಡಿದರು. ಕಾಕಾ ಕಣ್ಣು ಮುಚ್ಚಿದ್ದರು. ನಾನು ಅಲ್ಲಿಂದ ಎದ್ದು ಹೋದೆ.

ಮಧ್ಯಾಹ್ನ ಕಾಕು ಸತ್ತ ಮೀನುಗಳನ್ನು ನೋಡಿ, ಏನಾತ್ರಿ ಎಂದು ಕೇಳಿದರು. ಕಾಕಾ, “ಹುಳಾ. ಅದು ಬಿಡಂಗಿಲ್ಲ. ನೀ ಏನ ಮಾಡ್ತಿ?” ಎಂದರು.

ಪ್ರಾಧ್ಯಾಪಕರಿಗೆ ನಿಜ ಗೊತ್ತಾಗಲು ಕಲ್ಲಿನ ಒಂದು ಚಕ್ಕೆ ಸಾಕಾಯಿತು. ಅವರು ನಮ್ಮಿಬ್ಬರಿಗೆ ಕಾಲೇಜಿನಲ್ಲಿ ಹೇಳಿದರು. ಫರಸಿ ಎಂದರೆ ಸುಣ್ಣದ ಕಲ್ಲು. ಮೂರು ವರ್ಷ ಹಾಕಿದ ಮೈಲುತುತ್ತದ ತಾಮ್ರವನ್ನು ಅದು ಎಳೆದುಕೊಂಡು ಕಿಲುಬು ಮಾಡಿ ಇಟ್ಟುಕೊಂಡಿತ್ತು. ಅದಕ್ಕೇ ಔಷಧ ನೀರಿನಲ್ಲಿ ನಿಲ್ಲಲಿಲ್ಲ, ಹುಳ ಸಾಯಲಿಲ್ಲ. ಹುಣಸೆಯ ಹುಳಿ ಬಿದ್ದಾಗ ಅಷ್ಟೂ ತಾಮ್ರ ಒಂದೇ ರಾತ್ರಿ ನೀರಿಗಿಳಿಯಿತು. ಗಾಜಿನ ತೊಟ್ಟಿಯ ಲೆಕ್ಕ ಹಾಕಿದೆ, ಕಲ್ಲಿನದ್ದು ತಲೆಗೆ ಹೊಳೆಯಲಿಲ್ಲ ಎಂದು ಅವರು ಬಹಳ ನೊಂದುಕೊಂಡರು. ಆ ಕಲ್ಲಿನಲ್ಲಿ ಇನ್ನು ಮೀನು ಬದುಕಲಾರದು ಎಂದೂ ಹೇಳಿದರು. ಹೊರಗೆ ಬಂದ ಮೇಲೆ ಕಾಕಾ ನನ್ನ ತೋಳು ಹಿಡಿದರು. “ಆಕಿ ಮುಂದ ಹುಳಾನ. ನೀ ಎಲ್ಲೂ ಬರೀಬ್ಯಾಡ.”

ಸುಳ್ಳು ಹೇಳಿದ ಮೇಲೆ ಅವರು ಅದರಲ್ಲಿ ಸಿಕ್ಕಿಕೊಂಡರು. ಹೊಸ ಮೀನು ತಂದರೆ ಸಾಯುತ್ತವೆ. ತೊಟ್ಟಿ ಒಡೆಸಬೇಕೆಂದರೆ ಕಾರಣ ಹೇಳಬೇಕು. ವಾಸ್ಕೋದವನಿಗೆ ನೀರು ಬೇಡ ಎನ್ನಲೂ ಬಾಯಿ ಬರಲಿಲ್ಲ. ಕ್ಯಾನುಗಳು ಬರುತ್ತಲೇ ಇದ್ದವು.

೧೯೮೩ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಾಕು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

“ತಮ್ಮಾ, ಹುಳದಿಂದ ಹೋಗಿದ್ರ ಇಷ್ಟೊತ್ತಿಗೆ ಹೊಸಾವು ಬರತಿದ್ವು. ನೀರ ಬರತೈತಿ, ಮೀನ ಬರವಲ್ವು.”

ನಾನು ಬರೆಯುತ್ತಿದ್ದ ಹಾಳೆಯನ್ನು ಮಗುಚಿಟ್ಟೆ.

“ನನ್ನ ಕೈಯಿಂದ ಹೋಗ್ಯಾವು. ನನಗ ಗೊತ್ತಾಗೈತಿ ಅಂತ ಅವರಿಗೆ ಹೇಳಬ್ಯಾಡ.”

ಆ ಮನೆಯಲ್ಲಿ ಕಾಕು ನನಗೆ ಕೊಟ್ಟ ಸಂದೇಶಗಳಲ್ಲಿ ಎಂದೂ ಮುಟ್ಟಿಸಬೇಡ ಎಂದದ್ದು ಅದೊಂದೇ.

ಅವರು ಮತ್ತೆ ಮೌನ ಹಿಡಿಯಲಿಲ್ಲ. ಊಟಕ್ಕೆ ಬರ್ರಿ, ನೀರು ಕಾದಾವ, ಮಳಿ ಬರೂ ಹಂಗ ಐತಿ, ಇಷ್ಟು ಮಾತು ಇಬ್ಬರ ನಡುವೆ ಇತ್ತು. ಅದನ್ನು ಕೇಳುವುದು ಮೊದಲಿನ ಮೌನಕ್ಕಿಂತ ಕಷ್ಟವಾಗುತ್ತಿತ್ತು. ಕಾಕು ಪಡಸಾಲೆ ಬಿಟ್ಟು ಮತ್ತೆ ಹಿತ್ತಲು ಸುತ್ತತೊಡಗಿದರು. ಪಂಪು ಹೊಸ್ತಿಲಲ್ಲೇ ತುಕ್ಕು ಹಿಡಿಯಿತು. ಆ ವರ್ಷ ನೀರು ತುಂಬುವ ಹಬ್ಬ ಬಂತು. ಓಣಿಯಲ್ಲೆಲ್ಲ ಹಂಡೆ ತಿಕ್ಕುವ ಸದ್ದು. ನಮ್ಮ ಹಿತ್ತಲಿನಲ್ಲಿ ಇರಲಿಲ್ಲ. ಮರುದಿನ ಸ್ನಾನಕ್ಕೆ ಹೋದ ಕಾಕಾ ಕಿಲುಬು ಹತ್ತಿದ ಹಂಡೆಯ ಮುಂದೆ ಟವೆಲು ಹೆಗಲಿಗೆ ಹಾಕಿಕೊಂಡು ನಿಂತದ್ದನ್ನು ನಾನು ಕಂಡೆ. ಏನೂ ಕೇಳಲಿಲ್ಲ.

ಕಾಕು ೧೯೮೫ರಲ್ಲಿ, ಹತ್ತು ದಿನದ ಜ್ವರದಲ್ಲಿ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಸಂಜೆ ಕಾಕಾ ನನ್ನನ್ನು ಕೇಳಿದರು: “ಆಕಿಗೆ ಗೊತ್ತಿತ್ತಲ್ಲ?”

“ಗೊತ್ತಿತ್ರಿ.”

“ನನಗೂ ಗೊತ್ತಿತ್ತು, ಆಕಿಗೆ ಗೊತ್ತೈತಿ ಅಂತ.” ಮುಂದಿನದನ್ನು ಅವರು ಗೋಡೆಗೆ ಹೇಳಿದರು. “ಒಂದ ಮಾತ ಹೇಳಿದ್ರ ಆಗತಿತ್ತು. ನಿನ್ನ ತಪ್ಪಲ್ಲ ಅಂತ. ಆಕಿನೂ ನನಗ ಹೇಳಬಹುದಿತ್ತು. ಇಬ್ಬರೂ ಹೇಳಲಿಲ್ಲ.”

ನಾನು ಅವರ ಬಾಯಲ್ಲಿ ಸಿಗ್ನಲಿನ ಮಾತು ಮತ್ತೆ ಕೇಳಲಿಲ್ಲ.

ಮರುವರ್ಷ ಅವರು ನಿವೃತ್ತರಾದರು. ಕೆಲಸದ ಕೊನೆಯ ದಿನವೂ ನನ್ನ ಲಕೋಟೆಯನ್ನು ಅಂಗೈಯಲ್ಲಿ ತೂಗಿ ನೋಡಿ ಪೆಟ್ಟಿಗೆಯಲ್ಲಿಟ್ಟರು. ಒಂಬತ್ತು ವರ್ಷದಲ್ಲಿ ನನ್ನ ಒಂದು ಲಕೋಟೆಯೂ ಹುಬ್ಬಳ್ಳಿಗೆ ಮುಟ್ಟದೆ ಉಳಿದಿಲ್ಲ.

೧೯೮೮ರ ಚಳಿಗಾಲದಲ್ಲಿ ಗಾರ್ಡ್ ಕಾಕಾ ತೀರಿಕೊಂಡರು. ಕಾಕುವಿನ ಪಕ್ಕದಲ್ಲೇ ಅವರಿಗೂ ಮಣ್ಣು ಕೊಟ್ಟೆವು. ಸುದ್ದಿ ವಾಸ್ಕೋಗೆ ಮುಟ್ಟುವ ಮೊದಲು ಇನ್ನೊಂದು ಕ್ಯಾನ್ ಬಂತು. ನಾನೇ ಸ್ಟೇಶನ್ನಿಗೆ ಹೋಗಿ ಇಳಿಸಿಕೊಂಡೆ. ನಂತರದ ವರ್ಷಗಳಲ್ಲಿ ಆಲಮಟ್ಟಿ ಹಿನ್ನೀರಿಗಾಗಿ ಆ ಓಣಿಯನ್ನು ತೆರವು ಮಾಡಿಸಿದರು. ಜನ ಬಾಗಿಲು, ತೊಲೆ, ಫರಸಿ ಎಲ್ಲ ಕಿತ್ತುಕೊಂಡು ಹೋದರು. ಗೋಡೆಗೆ ಸೇರಿಸಿ ಕಟ್ಟಿದ್ದ ತೊಟ್ಟಿಯನ್ನು ಯಾರೂ ಕೀಳಲಿಲ್ಲ. ಅದು ಅಲ್ಲೇ ಇದೆ, ನೀರಿನ ಕೆಳಗೆ.